ಹಾರಿದ ನದಿ, ತಿಂದ ನದಿ

ನದಿಯ ವಿಚಾರಕ್ಕೆ ಮನುಷ್ಯರನ್ನು ಸಾಕ್ಷಿಗೆ ಕರೆಯುತ್ತಾರೆಂಬುದು ರೆಕೊದೊ ಹಳ್ಳಿಯವರಿಗೆ ಆ ಚಳಿಗಾಲದವರೆಗೆ ಗೊತ್ತಿರಲಿಲ್ಲ. ಎರಡು ಸರ್ಕಾರಗಳ ಇಬ್ಬರು ಇಂಜಿನಿಯರುಗಳು ರಿಯೊ ಬ್ರಾವೊ ನದಿಯ ಎರಡು ದಡಗಳಲ್ಲಿ ಎದುರುಬದುರು ಡೇರೆ ಹಾಕಿದರು. ಹಗಲೆಲ್ಲ ಸರಪಳಿ ಎಳೆದು ನದಿಯ ಸುತ್ತುಗಳನ್ನು ಅಳೆಯುತ್ತಿದ್ದರು. ಮಧ್ಯಾಹ್ನ ಯಾರ ಡೇರೆಯಲ್ಲಿ ಮಾಂಸ ಬೇಯುತ್ತಿತ್ತೋ ಅಲ್ಲಿಗೆ ಇಬ್ಬರೂ ಹೋಗಿ ಉಣ್ಣುತ್ತಿದ್ದರು. ಸಂಜೆ ಊರಿನ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು.

"ಈ ಜಾಗದಲ್ಲಿ ನದಿ ಒಮ್ಮೆಗೇ ಹಾರಿತೋ, ಮೆಲ್ಲಗೆ ತಿಂದಿತೋ?"

ಮೊದಮೊದಲು ಊರವರು ಇದನ್ನು ತಮಾಷೆ ಅಂದುಕೊಂಡಿದ್ದರು. ಕಸಿಮಿರಾ ಮಾತ್ರ ಮೆಕ್ಸಿಕೊ ಕಡೆಯ ಕನ್ನಡಕದ ಇಂಜಿನಿಯರನನ್ನೇ ಹೋಗಿ ವಿಚಾರಿಸಿದಳು. ಅವನು ಕಡ್ಡಿ ಹಿಡಿದು ಮರಳಿನ ಮೇಲೆ ಬರೆದು ತೋರಿಸಿದ. ನದಿಯೇ ಎರಡು ದೇಶಗಳ ಗಡಿ. ಅದು ವರ್ಷ ವರ್ಷ ಒಂದಿಷ್ಟು ದಡ ತಿಂದು ಮೆಲ್ಲಗೆ ಜರುಗಿದರೆ ಗಡಿಯೂ ಅದರ ಜೊತೆಗೇ ಜರುಗುತ್ತದೆ. ಬಿಟ್ಟುಹೋದ ನೆಲ ಆಚೆ ದೇಶದ್ದು. ನೆರೆ ಬಂದು ಒಂದೇ ಏಟಿಗೆ ಹಳೆಯ ಪಾತ್ರ ಬಿಟ್ಟು ಹೊಸ ದಾರಿ ಹಿಡಿದರೆ, ಗಡಿ ಹಳೆಯ ಪಾತ್ರದಲ್ಲೇ ನಿಲ್ಲುತ್ತದೆ. ನಡುವೆ ಸಿಕ್ಕಿಕೊಂಡ ನೆಲ ಮೊದಲು ಯಾರದೋ ಅವರದೇ.

"ಅಂದ್ರೆ ಮೆಲ್ಲಗೆ ಕದ್ರೆ ಕದ್ದೋನಿಗೆ, ಕಿತ್ಕೊಂಡ್ರೆ ವಾಪಸ್ಸು," ಎಂದಳು ಕಸಿಮಿರಾ.

ಇಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡ. "ಎರಡು ಸರ್ಕಾರದೋರು ಹನ್ನೆರಡು ಹಾಳೆ ತುಂಬ ಬರೆದಿರೋದು ಇದನ್ನೇ ಅಮ್ಮ."

ಕಸಿಮಿರಾ ನಗಲಿಲ್ಲ. ಅವಳ ಹೊಲ ಇದ್ದದ್ದು ನದಿಯ ಆಚೆ. ಅವಳು ಎಂಟು ವರ್ಷದವಳಿದ್ದಾಗ ಅದು ಆಚೆ ಆಗಿರಲಿಲ್ಲ. ನದಿ ಬಿಲ್ಲಿನಂತೆ ಬಳಸಿ ಹರಿಯುತ್ತಿದ್ದಾಗ ಅದರ ಮಡಿಲಲ್ಲಿದ್ದ ಅಪ್ಪನ ನೆಲ ಅದು. ಅಲ್ಲಿದ್ದದ್ದು ಅವರದೊಂದೇ ಮನೆ. ಈಗ ನದಿ ನೇರ ಹರಿಯುತ್ತದೆ, ಹಳೆಯ ಪಾತ್ರ ಬಾತುಕೋಳಿಗಳಿಳಿಯುವ ಕೆರೆಯಾಗಿ ನಿಂತಿದೆ. ವರ್ಷವೂ ಅವಳು ದೋಣಿಯಲ್ಲಿ ದಾಟಿ ಹೋಗಿ ಕಲ್ಲಂಗಡಿ ಹಾಕುತ್ತಾಳೆ. ಅವಳ ಮನೆಯ ಒಲೆ ಉರಿಯುವುದು ಆ ಕಲ್ಲಂಗಡಿಯಿಂದ. ಗಂಡ ಮತಮೋರೊಸ್ ಪೇಟೆಗೆ ಚರ್ಮ ಹೇರಿದ ಗಾಡಿ ಹೊಡೆದು ತರುವುದು ಅವನ ಬೀಡಿಗೇ ಸಾಲದು.

ನದಿ ತಿಂದಿತು ಎಂದು ಆದರೆ ಆ ಹೊಲ ಹೋಯಿತು. ಹೋಗುವುದಾದರೂ ಯಾರಿಗೆ? ಅದಕ್ಕೆ ತಾಗಿದ ಆಚೆ ದೇಶದ ಜಮೀನಿನ ನೆಪೊಮುಸೆನೊಗೆ. ಅವಳ ಹಿರಿಮಗನಿಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಕೈಯಲ್ಲಿ ಹಿಡಿದು ನಿಂತಿದ್ದವನು, ಅಂದಿನಿಂದ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಗುಂಜಿ ಹೆಚ್ಚಿನ ಸಂಬಂಧ.

ಮರುದಿನ ಬೆಳಿಗ್ಗೆ ಕೊಂಪಾದ್ರೆಯೇ ದೋಣಿ ಕಟ್ಟಿ ಮೇಲೆ ಹತ್ತಿ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಮೇಕೆ ಹಾಲಿನ ಗಿಣ್ಣು.

"ಕೊಮಾದ್ರೆ, ಮುಂದಿನ ವರ್ಷ ನನ್ನ ಹೊಲದಲ್ಲಿ ಕಳೆ ಕೀಳೋಕೆ ನೀವು ಬರ್ತೀರಿ ತಾನೇ? ಊಟ ಹಾಕ್ತೀನಿ."

"ನಿಮ್ಮ ಮನೆ ಊಟ ಉಂಡಿದೀನಿ ಕೊಂಪಾದ್ರೆ. ಕಳೆ ಕೀಳೋದೇ ವಾಸಿ."

ಅವನು ಹೊಸಿಲ ಮೇಲೆ ಕೂತು ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿದ. "ನಾನು ಕಸ್ಕೊಳ್ಳೋಕೆ ಬಂದಿಲ್ಲ, ಗೊತ್ತಲ್ಲ ನಿಮಗೆ. ಕೇಳಿದ್ರೆ ಸುಳ್ಳು ಹೇಳೋಕಾಗಲ್ಲ ಅಷ್ಟೆ. ನದಿ ತಿಂದಿತು ಅನ್ನೋದು ನಾನು ಕಟ್ಟಿದ ಮಾತಲ್ಲ, ನಿಮ್ಮವ್ವ ಹೇಳಿದ್ದು. ನನ್ನ ಮದುವೇಲಿ ರೊಟ್ಟಿ ಯಾಕಿರಲಿಲ್ಲ ಅಂತ ಎರಡು ದಡಕ್ಕೂ ಗೊತ್ತು," ಎಂದ.

ಅದು ಕಸಿಮಿರಾಗೂ ಗೊತ್ತಿತ್ತು. ಬೆಲ್ಲ, ಸೋಂಪು, ಹಂದಿ ಕೊಬ್ಬು ಹಾಕಿ ಮಣ್ಣಿನ ಗೂಡೊಲೆಯಲ್ಲಿ ಬೇಯಿಸುವ ಗುಂಡು ರೊಟ್ಟಿಯಲ್ಲಿ ಅವಳ ಅವ್ವ ಲೆಯಾಂದ್ರಾಳನ್ನು ಮೀರಿಸುವವರು ನದಿಯ ಉದ್ದಕ್ಕೂ ಇರಲಿಲ್ಲ. ನೆಪೊಮುಸೆನೊನ ಮದುವೆಗೆ ಆರು ಮನೆಯವರು ಹಿಟ್ಟು ತಂದು ಅವಳ ಮುಂದೆ ಸುರಿದಿದ್ದರು. ಮದುವೆಯ ದಿನ ರೊಟ್ಟಿ ಬರಲಿಲ್ಲ. ಕೇಳಲು ಬಂದವರಿಗೆ ಲೆಯಾಂದ್ರಾ ಹೇಳಿದ್ದು ಇಷ್ಟೇ: ನದಿ ದಿನಾ ಒಂದಿಷ್ಟು ದಿಬ್ಬ ತಿನ್ನುತ್ತಾ ಬಂತು, ಮೊದಲು ಅಂಗಳ ಹೋಯಿತು, ಆಮೇಲೆ ಹಿಟ್ಟಿನ ಸಮೇತ ಗೂಡೊಲೆ ಹೋಯಿತು, ಕೊನೆಗೆ ಮನೆಯೂ ಹೋಯಿತು. ಈಗ ಅಲ್ಲಿರುವುದು ನದಿ ತಂದು ಹಾಕಿದ ಹೊಸ ಮರಳು. ಇಷ್ಟು ವರ್ಷಗಳಲ್ಲಿ ಈ ಮಾತಿನ ಒಂದು ಅಕ್ಷರ ಬದಲಾಗಿರಲಿಲ್ಲ.

ಆದರೆ ಕಸಿಮಿರಾಳ ನೆನಪಿನಲ್ಲಿ ಒಂದು ವಾಸನೆ ಇತ್ತು. ದೋಣಿಯಲ್ಲಿ ಅಪ್ಪನ ಕಾಲ ಸಂದಿಯಲ್ಲಿ ಕೂತಿದ್ದಳು, ಸುತ್ತ ಕೆಂಪು ನೀರು, ಆ ನೀರಿನ ಮೇಲೆ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದ ಸೋಂಪಿನ ಬಿಸಿ ವಾಸನೆ. ಗೂಡೊಲೆ ಅದಕ್ಕೆ ಮೊದಲೇ ನೀರಿಗೆ ಹೋಗಿದ್ದರೆ ಆ ವಾಸನೆ ಎಲ್ಲಿಂದ ಬಂತು? ಚಿಕ್ಕಂದಿನಲ್ಲಿ ಎರಡು ಸಲ ಕೇಳಿದ್ದಳು. ಎರಡು ಸಲವೂ ತಲೆಗೆ ಮೊಟಕು ಬಿದ್ದಿತ್ತು.

ಕೊಂಪಾದ್ರೆ ಹೋದ ಮೇಲೆ ಮೂರನೇ ಸಲ ಕೇಳಿದಳು. ಲೆಯಾಂದ್ರಾ ಅಂಗಳದಲ್ಲಿ ಕೂತು ಪಾಪಸುಕಳ್ಳಿ ಎಲೆಯ ಮುಳ್ಳು ಕೆರೆಯುತ್ತಿದ್ದಳು.

"ಅವ್ವ, ನಾಳೆ ನಿನ್ನನ್ನ ಕೇಳ್ತಾರೆ. ಏನ್ ಹೇಳ್ತೀಯ?"

"ಇಷ್ಟು ವರ್ಷ ಏನ್ ಹೇಳಿದೀನೋ ಅದನ್ನೇ."

"ಹಂಗಂದ್ರೆ ಹೊಲ ಹೋಗುತ್ತೆ."

ಚಾಕು ಒಂದು ಕ್ಷಣ ನಿಂತು ಮತ್ತೆ ಹೊರಟಿತು. "ನದಿ ತಿಂದದ್ದಕ್ಕೆ ನಾನೇನ್ ಮಾಡ್ಲಿ?"

"ನಾನು ದೋಣೀಲಿ ಸೋಂಪಿನ ವಾಸನೆ ಮೂಸಿದೀನಿ ಅವ್ವ. ಅದು ಎಲ್ಲಿಂದ ಬಂತು?"

"ಮಕ್ಕಳಿಗೆ ಮೂಗಿರುತ್ತೆ, ಬುದ್ಧಿ ಇರಲ್ಲ."

"ಹಾಗಾದ್ರೆ ಹೊಲದ ಹಿಂದಿನ ದಿಬ್ಬದ ಮೇಲೆ ಹೋಗ್ಬೇಡ ಅಂತ ಯಾಕಂತೀಯ?"

"ಹಾವಿದೆ."

"ಹೊಸ ಮರಳಿನ ಮೇಲೆ ಅಷ್ಟು ದಪ್ಪ ಎಬಾನೊ ಮರ ಹೆಂಗ್ ಬಂತು?"

ಲೆಯಾಂದ್ರಾ ಎಲೆಗಳನ್ನು ಬೋಗುಣಿಗೆ ಹಾಕಿಕೊಂಡು ಎದ್ದು ಒಳಗೆ ಹೋದಳು. ಮೊಟಕಲಿಲ್ಲ. ಅದೇ ಕಸಿಮಿರಾಗೆ ವಿಚಿತ್ರವಾಗಿ ಕಂಡಿತು.

ಅವಳು ಮಚ್ಚು ತೆಗೆದುಕೊಂಡು ದೋಣಿ ಹತ್ತಿದಳು. ಹೊಲ ದಾಟಿ ದಿಬ್ಬದ ಬುಡಕ್ಕೆ ಬಂದರೆ ಜಾಲಿಯ ಗೋಡೆ. ಮುಳ್ಳು ಲಂಗ ಹಿಡಿದೆಳೆಯಿತು. ಬಿಡಿಸಿಕೊಂಡು ಕಡಿಯುತ್ತಾ ಹೋದಳು. ನಡುನಡುವೆ ಕಾಲಿಗೆ ಸಿಕ್ಕಿದ್ದು ಮರಳಲ್ಲ, ಗಟ್ಟಿ ಕರಿಮಣ್ಣು. ಒಂದು ಕಡೆ ಹಸಿ ಇಟ್ಟಿಗೆಯ ಗೋಡೆ ಮಳೆಗೆ ಕರಗಿ ಒಲೆಗುಂಡಿನಷ್ಟೇ ಎತ್ತರ ಉಳಿದಿತ್ತು. ಅದರ ಪಕ್ಕ, ಎಬಾನೊ ಮರದ ಕೊಂಬೆಗಳು ಸೂರಿನಂತೆ ಬಾಗಿದ ಕಡೆ, ಬೆಳ್ಳಗೆ ಏನೋ ಕಂಡಿತು. ಕಾವಿಗೆ ಕೂತ ದೊಡ್ಡ ಕೋಳಿಯ ಹಾಗೆ.

ಅದು ಗೂಡೊಲೆ. ಒಂದು ಮಗ್ಗುಲು ಕುಸಿದಿತ್ತು, ಗಾರೆ ಬಿರುಕು ಬಿಟ್ಟಿತ್ತು. ಮರ ಮಳೆ ತಡೆದು ಉಳಿದದ್ದನ್ನು ಉಳಿಸಿತ್ತು. ಬಾಯಿಗೆ ಇಟ್ಟಿಗೆ ಅಡ್ಡವಿಟ್ಟು ಮಣ್ಣು ಮೆತ್ತಿ ಮುಚ್ಚಿದ್ದರು. ಆ ಮಣ್ಣಿನ ಮೇಲೆ ಒಂದು ಶಿಲುಬೆ, ಎರಡು ಬೆರಳು ಜೋಡಿಸಿ ಎಳೆದದ್ದು. ಇವತ್ತಿಗೂ ಲೆಯಾಂದ್ರಾ ಹಿಟ್ಟು ನಾದಿಟ್ಟ ಮೇಲೆ ಹಾಗೇ ಎರಡು ಬೆರಳು ಜೋಡಿಸಿ ಎಳೆಯುತ್ತಾಳೆ. ಬೇರೆ ಹೆಂಗಸರೆಲ್ಲ ಒಂದೇ ಬೆರಳಲ್ಲಿ ಎಳೆಯುತ್ತಾರೆ.

ಕಸಿಮಿರಾ ಕುಕ್ಕರುಗಾಲಲ್ಲಿ ಕೂತು ಗೂಡಿನ ಬಾಯಿಗೆ ಕಿವಿ ಇಟ್ಟಳು. ಯಾಕೆ ಇಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಮಚ್ಚಿನ ಹಿಡಿಯಿಂದ ಒಂದೇಟು ಕೊಟ್ಟರೆ ಒಡೆಯುತ್ತಿತ್ತು. ಕೈ ಎತ್ತಿದವಳು ಇಳಿಸಿದಳು. ಅವ್ವ ಮುಚ್ಚಿದ್ದನ್ನು ಅವ್ವನೇ ತೆಗೆಯಬೇಕು ಎನಿಸಿತು.

ಮನೆಗೆ ಬಂದು, "ಗೂಡೊಲೆ ಇದೆ," ಎಂದಳು.

ಲೆಯಾಂದ್ರಾ ತಲೆ ಎತ್ತಲಿಲ್ಲ. "ಒಡೆದೆಯಾ?"

"ಇಲ್ಲ."

"ಒಡೀಬೇಡ. ಗೂಡು ಇದೆ ಅಂತ ತೋರಿಸಿದ್ರೆ ಸಾಕಲ್ವಾ? ಒಳಗಿರೋದು ಸರ್ಕಾರಕ್ಕೆ ಯಾಕೆ?"

ಮರುದಿನ ಇಬ್ಬರು ಇಂಜಿನಿಯರುಗಳೂ ನೆಪೊಮುಸೆನೊನೂ ಕಸಿಮಿರಾ ಕಡಿದ ದಾರಿಯಲ್ಲಿ ದಿಬ್ಬ ಹತ್ತಿದರು. ಹಿಂದೆ ಊರಿನ ಕೆಲಸವಿಲ್ಲದವರೆಲ್ಲ ಬಂದರು. ಲೆಯಾಂದ್ರಾ ಕಪ್ಪು ಶಾಲು ಹೊದ್ದು ಎಲ್ಲರಿಗಿಂತ ಹಿಂದೆ ಬಂದಳು.

ಆಚೆ ಸರ್ಕಾರದ ಇಂಜಿನಿಯರ್ ಉದ್ದನೆಯ ಕೆಂಪು ಮನುಷ್ಯ, ಒಳ್ಳೆಯವನೇ. ಗೂಡನ್ನು ಸುತ್ತಿ ನೋಡಿ, ತಡವರಿಸುತ್ತಾ ಊರವರ ಭಾಷೆಯಲ್ಲೇ ಹೇಳಿದ. "ಗೂಡು ಹಳೇದೇ. ಆದ್ರೆ ನದಿ ಹೋದ್ಮೇಲೆ ಮೇಕೆ ಕಾಯೋರು ಕಟ್ಟಿರಬಹುದಲ್ಲ?"

"ಇಲ್ಲಿ ಮೇಕೆ ಕಾಯೋರು ನನ್ನೋರು," ಎಂದ ನೆಪೊಮುಸೆನೊ. "ಅವರಿಗೆ ಹರಿದ ಚಪ್ಪಲಿ ಹೊಲ್ಕೊಳ್ಳೋಕೂ ಸೋಮಾರಿತನ. ಆದ್ರೂ ಕಟ್ಟಿಲ್ಲ ಅಂತ ಹೆಂಗ್ ಹೇಳ್ಲಿ?"

ಕನ್ನಡಕದ ಇಂಜಿನಿಯರ್ ಮುದುಕಿಯ ಕಡೆ ತಿರುಗಿ ಮರ್ಯಾದೆಯಿಂದ ಕರೆದು ಕೇಳಿದ. "ದೋನ್ಯಾ ಲೆಯಾಂದ್ರಾ, ಇಲ್ಲಿ ಬಾಳಿದೋರು ನೀವು. ನದಿ ಹಾರಿತೋ, ತಿಂದಿತೋ?"

ಕಸಿಮಿರಾ ಅವ್ವನ ಮುಖ ನೋಡಿದಳು. ಅವ್ವ ನೋಡುತ್ತಿದ್ದದ್ದು ಇಂಜಿನಿಯರನನ್ನಲ್ಲ, ನೆಪೊಮುಸೆನೊನನ್ನು. ಆಮೇಲೆ ಅವಳ ಕಣ್ಣು ದಿಬ್ಬದ ಕೆಳಗೆ ಹೊಸದಾಗಿ ಉತ್ತ ಕಲ್ಲಂಗಡಿ ಸಾಲುಗಳ ಮೇಲೆ ಹೋಯಿತು, ಅಲ್ಲಿಂದ ಮಗಳ ಮುಳ್ಳು ಗೀರಿದ ಕೈಗೆ ಬಂತು.

"ಹಾರಿತು," ಎಂದಳು.

"ಇದೇನಿದು," ಎಂದ ನೆಪೊಮುಸೆನೊ. "ನನ್ನ ಮದುವೆ ದಿನದಿಂದ ತಿಂದಿತು ಅಂತಿದ್ರಿ. ಇವತ್ತು ಹೊಲದ ಮಾತು ಬಂದ್ಮೇಲೆ ಹಾರಿತಾ?"

ಹಿಂದಿನವರಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಕೆಂಪು ಇಂಜಿನಿಯರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಬರೆದುಕೊಳ್ಳುವಂಥದ್ದು ಇದರಲ್ಲಿಲ್ಲ ಎನ್ನುವಂತೆ.

ಲೆಯಾಂದ್ರಾ ಮಗಳ ಕೈಯಿಂದ ಮಚ್ಚು ತೆಗೆದುಕೊಂಡಳು. ಗೂಡಿನ ಮುಂದೆ ಮಂಡಿಯೂರಿ, ಶಿಲುಬೆ ಇದ್ದ ಕಡೆ ಬಿಟ್ಟು ಅಂಚಿನಲ್ಲಿ ತಟ್ಟಿದಳು. ಮಣ್ಣು ಉದುರಿತು. ಇಟ್ಟಿಗೆ ಒಂದೊಂದಾಗಿ ಈಚೆ ಬಂತು. ತಾನು ಒಳಗೆ ನೋಡಲಿಲ್ಲ. ಪಕ್ಕಕ್ಕೆ ಸರಿದು ಕೂತಳು.

ಕಸಿಮಿರಾ ಬಗ್ಗಿದಳು. ಒಳಗೆ ಸಾಲಾಗಿ, ಒಂದಕ್ಕೊಂದು ತಾಗಿಕೊಂಡು, ಕರ್ರಗೆ ಇದ್ದಿಲಾದ ಗುಂಡು ರೊಟ್ಟಿಗಳು. ಕುಸಿದ ಕಡೆಯವು ಇರುವೆಗೆ ಪುಡಿಯಾಗಿದ್ದವು. ಉಳಿದವು ಇಟ್ಟ ಹಾಗೇ ಇದ್ದವು. ಅವಳು ತಲೆಯನ್ನು ಇನ್ನೂ ಒಳಗೆ ತೂರಿಸಿ ಉಸಿರೆಳೆದಳು. ಮಸಿ, ಹಳೆಯ ಮಣ್ಣು. ಸೋಂಪು ಇತ್ತೋ, ಇತ್ತೆಂದು ಅವಳ ಮೂಗು ಹಟ ಮಾಡಿತೋ.

"ಮಧ್ಯಾಹ್ನ," ಎಂದಳು ಲೆಯಾಂದ್ರಾ, ಯಾರನ್ನೂ ನೋಡದೆ. "ಇಲ್ಲಿ ಮೋಡ ಇರಲಿಲ್ಲ. ಮೇಲೆಲ್ಲೋ ಮಳೆ. ಆಗಷ್ಟೇ ಗೂಡಿನ ಬಾಯಿ ಮುಚ್ಚಿದ್ದೆ. ಹಿಂದೆ ನದಿಯ ಎರಡು ಮಗ್ಗುಲೂ ಹತ್ತಿರ ಬರೋ ಸಣ್ಣ ಕತ್ತಿನಂಥ ಜಾಗ ಇತ್ತಲ್ಲ, ಅಲ್ಲಿ ಗಾಡಿ ಮಗುಚಿದ ಹಂಗೆ ಸದ್ದಾಯ್ತು. ಇವಳಪ್ಪ ಬಾ ಅಂದ. ರೊಟ್ಟಿ ಆಗ್ಲಿ ಅಂದೆ. ನೀರು ನೋಡು ಅಂದ. ರೊಟ್ಟಿ ಆಗ್ಲಿ ಅಂದೆ. ಆಮೇಲೆ ಹೆಗಲ ಮೇಲೆ ಹಾಕ್ಕೊಂಡು ಹೋದ, ಕುರಿ ಹೊತ್ತ ಹಂಗೆ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ ಸಾಕಿತ್ತು."

"ಮತ್ತೆ ನದಿ ತಿಂದಿತು ಅಂತ ಯಾಕಂದ್ರಿ?" ನೆಪೊಮುಸೆನೊನ ದನಿ ಇಳಿದಿತ್ತು.

"ಆರು ಮನೆ ಹಿಟ್ಟು. ರೊಟ್ಟೀನ ಹೊತ್ತೋಕೆ ಬಿಟ್ಟು ಓಡಿ ಬಂದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ನದಿ ತಿಂದಿತು ಅಂದೆ. ನದಿಗೆ ಯಾರೂ ಬೈಯಲ್ಲ." ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ಆಮೇಲೆ ವಾಪಸ್ ಬಂದು ತೆಗೀಬೇಕು ಅಂತ ಎಷ್ಟೋ ಸಲ ಅನ್ನಿಸ್ತು. ತೆಗೆದ್ರೆ ನೋಡ್ಬೇಕಲ್ಲ."

ನೆಪೊಮುಸೆನೊ ಕೈ ಹಾಕಿ ಒಂದು ರೊಟ್ಟಿ ಈಚೆ ತೆಗೆದ. ತಿರುಗಿಸಿ ನೋಡಿದ, ಬೆರಳ ಗೆಣ್ಣಿನಿಂದ ಕುಟ್ಟಿದ. ಮಡಕೆ ಚೂರಿನ ಸದ್ದು ಬಂತು.

"ನೀವು ಹಿಟ್ಟು ಮಾರ್ಕೊಂಡ್ರಿ ಅಂತ ನನ್ನ ಹೆಂಡತಿ ಇವತ್ತಿಗೂ ಅಂತಾಳೆ," ಎಂದ. "ಮುನಿಸು ಬಂದಾಗೆಲ್ಲ, ರೊಟ್ಟಿ ಇಲ್ಲದ ಮದುವೆ ಅಂತ ನನ್ನನ್ನೇ ಚುಚ್ತಾಳೆ." ಕರವಸ್ತ್ರ ಬಿಡಿಸಿ ಮೂರು ರೊಟ್ಟಿ ಇಟ್ಟು ಗಂಟು ಕಟ್ಟಿದ. ಆಮೇಲೆ ಇಂಜಿನಿಯರುಗಳ ಕಡೆ ತಿರುಗಿದ. "ಬರ್ಕೊಳ್ಳಿ ಸ್ವಾಮಿ, ಹಾರಿತು ಅಂತ. ನಾನೂ ರುಜು ಹಾಕ್ತೀನಿ. ಮೆಲ್ಲಗೆ ಬರೋ ನದಿಗೆ ಗೂಡು ತುಂಬ ರೊಟ್ಟಿ ಬಿಟ್ಟು ಯಾವ ಹೆಂಗಸೂ ಏಳಲ್ಲ. ಈಯಮ್ಮ ಹಾರೋ ನದಿಗೂ ಏಳ್ತಿರಲಿಲ್ಲ."

ಕೆಂಪು ಇಂಜಿನಿಯರ್ ಗೂಡಿನೊಳಗೆ ಬಹಳ ಹೊತ್ತು ನೋಡಿದ. ಎದ್ದು ನಿಂತು ಮಂಡಿ ಕೊಡವಿಕೊಂಡು, ಕಿವಿಯ ಪೆನ್ಸಿಲ್ ತೆಗೆದು ಬರೆದ. ಕನ್ನಡಕದವನೂ ಬರೆದ.

"ಇನ್ನೊಂದಿದೆ," ಎಂದ ಕನ್ನಡಕದವನು. "ಹೀಗೆ ಆಚೆ ಉಳಿದ ನೆಲಕ್ಕೆಲ್ಲ ನಕ್ಷೇಲಿ ಒಂದೊಂದು ಹೆಸರು ಹಾಕ್ತೀವಿ. ಊರೋರು ಏನಂತೀರೋ ಅದನ್ನೇ."

"ಸುಟ್ಟ ರೊಟ್ಟಿ," ಎಂದ ನೆಪೊಮುಸೆನೊ, ಕಣ್ಣು ಮಿಟುಕಿಸದೆ.

ದಿಬ್ಬದ ಮೇಲೆ ನಗು ಎದ್ದಿತು. ಲೆಯಾಂದ್ರಾ ಎದ್ದು ನಿಂತಳು. "ಸುಟ್ಟದ್ದಲ್ಲ. ಬಿಟ್ಟದ್ದು."

"ಸುಟ್ಟ ರೊಟ್ಟಿ ಅಂತಲೇ ಬರೀರಿ ಸ್ವಾಮಿ. ಎರಡು ಸರ್ಕಾರದ ಗೋಡೆ ಮೇಲೂ ಇರ್ಲಿ. ಹೊಲ ಹೋಯ್ತು ನನಗೆ, ಇಷ್ಟಾದ್ರೂ ಬೇಡ್ವಾ?"

ಮುದುಕಿ ಮತ್ತೆ ಮಂಡಿಯೂರಿ ತೋಳನ್ನು ಗೂಡಿನೊಳಗೆ ಪೂರ್ತಿ ಇಳಿಬಿಟ್ಟು, ಕುಸಿಯದ ಮಗ್ಗುಲಿನ ಕಮಾನನ್ನು ಅಂಗೈಯಿಂದ ಸವರಿ ನೋಡಿದಳು. ಎಲ್ಲೋ ಒಂದು ಕಡೆ ತಟ್ಟಿದಳು. ಮುಖದಲ್ಲಿ ಏನೋ ಲೆಕ್ಕ ಹಾಕುವ ಗಾಂಭೀರ್ಯ ಬಂತು.

"ಈ ಕಡೆಗೆ ನಾಲ್ಕು ಇಟ್ಟಿಗೆ ಕೊಟ್ರೆ ನಿಲ್ಲುತ್ತೆ," ಎಂದಳು. "ನೆಪೊಮುಸೆನೊ, ಶನಿವಾರ ಹಿಟ್ಟು ತಗೊಂಡ್ ಬಾ. ಹೆಂಡತೀನೂ ಕರ್ಕೊಂಡ್ ಬಾ. ನಿನ್ನ ಮದುವೆ ರೊಟ್ಟಿ ಕೊಡ್ತೀನಿ. ತಿಂದ್ಮೇಲೆ ಆ ಹೆಸರು ತೆಗೆಸ್ಬೇಕು."

"ಮೊದಲು ರೊಟ್ಟಿ ಬರ್ಲಿ."

ಕನ್ನಡಕದವನು ಇನ್ನೊಬ್ಬನ ಮುಖ ನೋಡಿದ. "ಹೆಸರಿನ ಜಾಗ ಶನಿವಾರದ ತನಕ ಖಾಲಿ ಬಿಡಬಹುದು," ಎಂದ. "ನಾವೂ ಇಲ್ಲೇ ಇರ್ತೀವಿ." ಅವನು ಬಾಯಲ್ಲಿ ಊರಿದ ನೀರು ನುಂಗಿಕೊಂಡದ್ದು ಎಲ್ಲರಿಗೂ ಕಂಡಿತು.

ಜನ ಇಳಿದು ಹೋದ ಮೇಲೂ ಲೆಯಾಂದ್ರಾ ಅಲ್ಲೇ ಕೂತು ಕರಿ ರೊಟ್ಟಿಗಳನ್ನು ಒಂದೊಂದಾಗಿ ತೆಗೆದು ಶಾಲಿಗೆ ಹಾಕಿಕೊಳ್ಳುತ್ತಿದ್ದಳು. ಕಸಿಮಿರಾ ಕಡಿದ ಜಾಲಿಯ ಕೊಂಬೆಗಳನ್ನು ಸೌದೆಗೆಂದು ಒಟ್ಟತೊಡಗಿದಳು. ದೂರದಲ್ಲಿ ನದಿ ತನ್ನ ನೇರ ದಾರಿಯಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು.

"ಹಸಿ ಜಾಲಿ ಬೇಡ, ಹೊಗೆ ಹಿಡಿಯುತ್ತೆ," ಎಂದಳು ಅವ್ವ. "ಒಣ ಮೆಸ್ಕೀತ್ ಸೌದೆ ತಾ. ಹೊತ್ತಿಸೋಕೆ ಮೊದಲು ದೋಣೀನ ಆಚೆ ದಡಕ್ಕೆ ಕಳಿಸಿಬಿಡು."

"ದೋಣಿ ಯಾಕವ್ವ?"

"ಈ ಸಲ ನದಿ ಏನ್ ಮಾಡಿದ್ರೂ ರೊಟ್ಟಿ ಆಗೋ ತನಕ ನಾನು ಏಳೋಳಲ್ಲ."