ಕರ್ತನ ಮೇಜಿನ ಬಟ್ಟೆ

"ಬಂದೂಕು ಪ್ಲಾಸ್ಟಿಕ್ಕು ಅಂಕಲ್, ಟೆನ್ಷನ್ ಮಾಡ್ಕೋಬೇಡಿ. ಹೆಲ್ಮೆಟ್ಟು, ಬೂಟು ಮಾತ್ರ ರಿಯಲ್. ವಾಲ್ಟರ್ ಅಂಕಲ್‌ದು," ಎಂದಳು ಚರ್ಚಿನ ಮೈಕು ನೋಡಿಕೊಳ್ಳುವ ಹುಡುಗಿ ಹಂಸಿನಿ, ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತ.

ದೇವದಾನ ಹೊಸಮನಿ ಇಸ್ತ್ರಿ ಮಾಡಿ ತಂದಿದ್ದ ಬಿಳಿ ಬಟ್ಟೆಯನ್ನು ಎದೆಗವಚಿಕೊಂಡು ಹಾಗೇ ನಿಂತಿದ್ದರು. ರೊಟ್ಟಿ, ದ್ರಾಕ್ಷಾರಸ ಇಟ್ಟು ಹಂಚುವ ಕರ್ತನ ಭೋಜನದ ಮೇಜಿಗೆ ತಾಗಿದ ಹಾಗೆ, ನಟ್ಟನಡುವೆ, ಒಂದು ಹಲಗೆಯ ಮೇಲೆ ಕರೀ ಬೂಟಿನ ಜೋಡಿ. ಅವುಗಳ ಮಧ್ಯೆ ತಲೆಕೆಳಗಾಗಿ ನೆಟ್ಟ ಬಂದೂಕು. ಬಂದೂಕಿನ ತುದಿಯಲ್ಲಿ ಹೆಲ್ಮೆಟ್ಟು. ಯುದ್ಧದಲ್ಲಿ ಸತ್ತವನಿಗೆ ಸಂಗಾತಿ ಸಿಪಾಯಿಗಳು ನಿಲ್ಲಿಸುವ ಶಿಲುಬೆ ಅದು. ಇನ್ನೊಂದು ಶಿಲುಬೆ, ಬಡಗಿ ಮಾಡಿದ್ದು, ಹಿಂದಿನ ಗೋಡೆಯ ಮೇಲೆ ಯಾವತ್ತಿನಂತೆ ಇತ್ತು.

ಅಮೆರಿಕದ ವುಡ್‌ಬ್ರಿಡ್ಜಿನ ಈ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಮೇಜು ಹಾಸುವ ಕೆಲಸ ಹನ್ನೊಂದು ವರ್ಷದಿಂದ ದೇವದಾನರದು. ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿಪಾಳಿ ಇದ್ದರೂ ಬದಲಿ ಮಾಡಿಕೊಂಡು ಬಂದವರು. ಬಟ್ಟೆ ಅವರ ಊರು ಬೆಟಗೇರಿಯ ಮಗ್ಗದ್ದು. ಅಂಚಿಗೆ ಅವರ ತಾಯಿ ಕೈಯಾರೆ ಕ್ರೋಶಾ ಹೆಣಿಕೆ ಹಾಕಿದ್ದರು. ಈ ಸಲ ಮೊದಲ ಭಾನುವಾರ ಜುಲೈ ಐದಕ್ಕೆ ಬಂದಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂರೈವತ್ತು ವರ್ಷ ತುಂಬಿದ ಮರುದಿನ. ಭೋಜನವೂ ಆಗಲಿ, ಸೈನಿಕರ ಸನ್ಮಾನವೂ ಆಗಲಿ ಎಂದು ಕಮಿಟಿ ಎರಡನ್ನೂ ಒಟ್ಟಿಗೇ ಇಟ್ಟಿತ್ತು. ಸನ್ಮಾನದ ಪಟ್ಟಿಯ ಕೊನೆಯ ಹೆಸರು ಅವರ ಮಗ ಸಮರ್ಥ್‌ನದು. ಆರ್ಮಿ ತರಬೇತಿ ಮುಗಿಸಿ ಹತ್ತು ದಿನದ ರಜೆಗೆ ಬಂದಿದ್ದ. ಮಂಗಳವಾರ ಹೊರಡುವವನು. ಎಲ್ಲಿಗೆ ಅಂತ ಅವನಿಗೇ ಇನ್ನೂ ಹೇಳಿರಲಿಲ್ಲ.

ಮಗ ಸೈನ್ಯ ಸೇರುತ್ತೇನೆ ಎಂದಾಗ ದೇವದಾನ ಎರಡು ದಿನ ಊಟ ಬಿಟ್ಟಿದ್ದು ನಿಜ, ಮೂರನೆಯ ದಿನ ತಾವೇ ಕಾರು ಓಡಿಸಿ ಅವನನ್ನು ಬಿಟ್ಟು ಬಂದದ್ದೂ ನಿಜ. ಮಗನಿಗಾಗಿ ಪ್ರಾರ್ಥಿಸಿ ಅಂದರೆ ಈಗಲೂ ಮೊಣಕಾಲೂರಿಯಾರು. ಆದರೆ "ಇದು ನಿಮಗಾಗಿ ಮುರಿಯಲ್ಪಟ್ಟ ದೇಹ" ಎನ್ನುವ ಮೇಜಿನ ಮುಂದೆ ಮುರಿಯುವ ಸಾಮಾನನ್ನೇ ತಂದಿಟ್ಟರೆ, ಆ ರೊಟ್ಟಿ ಗಂಟಲಲ್ಲಿ ಹೇಗೆ ಇಳಿದೀತು?

ಅವರು ವಾಲ್ಟರನ ಹತ್ತಿರ ಹೋಗಿ, ಇದನ್ನು ಕಿಟಕಿಯ ಕಡೆ ಸರಿಸಬಹುದೇ ಎಂದು ಕೇಳಿಯೂ ಕೇಳಿದರು. ವಾಲ್ಟರನಿಗೆ ಎಪ್ಪತ್ತೇಳು. ವಿಯೆಟ್ನಾಮಿಗೆ ಹೋಗಿ ಬಂದವನು. ಕನ್ನಡದ ಪ್ರಾರ್ಥನಾಕೂಟಕ್ಕೆ ಯಾರೂ ಜಾಗ ಕೊಡದಿದ್ದಾಗ ಕಮಿಟಿಯ ಜೊತೆ ಜಗಳಾಡಿ ಕೆಳಗಿನ ಬೇಸ್‌ಮೆಂಟ್ ಕೊಡಿಸಿದವನು ಅವನೇ. ದೇವದಾನರ ಹೆಂಡತಿ ಸುವಾರ್ತಾಗೆ ಆಪರೇಷನ್ ಆದಾಗ ಹಿಮದಲ್ಲಿ ನಡೆದು ಸೂಪು ತಂದವನೂ ಅವನೇ. ಬೂಟಿಗೆ ಈಗಷ್ಟೇ ತಿಕ್ಕಿದ ಪಾಲಿಶಿನ ಅರಿವೆಯನ್ನು ಅವನು ನಾಲ್ಕಾಗಿ ಮಡಚಿದ. "ಒಂಬತ್ತು ಜನ ನನ್ನ ಜೊತೆ ವಾಪಸ್ ಬರಲಿಲ್ಲ, ಡೇವ್," ಎಂದ. "ಅವರು ಕಿಟಕಿ ಹತ್ತಿರ ನಿಲ್ಲಬೇಕಾ?"

ದೇವದಾನ ಮರಳಿ ಬಂದು ಬಟ್ಟೆ ಹಾಸಿದರು. ಮುಂದಿನ ಅಂಚು ಇಳಿದು ಬೂಟುಗಳ ಮೇಲೆ ಕುಳಿತುಕೊಂಡಿತು. ಎಷ್ಟು ಎಳೆದು ಸರಿಮಾಡಿದರೂ ಅಷ್ಟೇ.

ಬಾಗಿಲ ಬಳಿ ಹೆಂಡತಿ ಸಿಕ್ಕಾಗ, ನಾನು ಇವತ್ತು ರೊಟ್ಟಿ ಹಂಚುತ್ತೇನೆ, ತಗೊಳ್ಳುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಸುವಾರ್ತಾ ಸೆರಗು ಸರಿಮಾಡಿಕೊಂಡಳು, ಆಚೀಚೆ ನೋಡಿದಳು.

"ನಿಮ್ಮ ಮನಸ್ಸು ನನಗ ತಿಳಿತದರಿ. ನಮ್ಮ ಮಂದಿಗೆ ತಿಳಿತದೇನು? ಭೋಜನ ಒಲ್ಲೆ ಅಂದ್ರ ಏನಂತಾರ? ಅಪ್ಪ-ಮಗ ಮಾತು ಬಿಟ್ಟಾರ ಅಂತಾರ. ಮಂಗಳವಾರ ಹೊಂಟಾನ ಅಂವ."

ಹೌದು, ಹಾಗೇ ಅನ್ನುತ್ತಾರೆ. ಬೆಟಗೇರಿಯಲ್ಲಿ ಭೋಜನದ ಹಿಂದಿನ ದಿನ, ಶನಿವಾರ ಸಂಜೆ, ಮುನಿಸಿಕೊಂಡವರು ಒಬ್ಬರ ಮನೆಗೊಬ್ಬರು ಹೋಗಿ ರಾಜಿಯಾಗಬೇಕು. ಆಗದವನು ಮರುದಿನ ತಟ್ಟೆ ಬಂದಾಗ ತಲೆ ತಗ್ಗಿಸಿ ಮುಂದಕ್ಕೆ ದಾಟಿಸುತ್ತಾನೆ. ಆಮೇಲೆ ಇಡೀ ಸಭೆ ಯಾರ ಮೇಲೆ ಇವನಿಗೆ ಸಿಟ್ಟು ಎಂದು ಲೆಕ್ಕ ಹಾಕುತ್ತ ಮನೆಗೆ ಹೋಗುತ್ತದೆ. ದೇವದಾನರ ಅಪ್ಪ ತಮ್ಮನ ಮೇಲಿನ ಕೋಪಕ್ಕೆ ನಾಲ್ಕು ವರ್ಷ ಹಾಗೆ ದಾಟಿಸಿದ್ದರು. ತಮ್ಮ ತೀರಿಕೊಂಡ ಮೇಲೆ ತಗೊಳ್ಳಲು ಶುರು ಮಾಡಿದರಂತೆ. ಬಂದೂಕಿನ ಮೇಲೆ ಸಿಟ್ಟಾಗಿ ರೊಟ್ಟಿ ಬಿಡುವ ಪದ್ಧತಿಯನ್ನು ಮಾತ್ರ ಯಾರೂ ಮಾಡಿಟ್ಟಿರಲಿಲ್ಲ.

ಆರಾಧನೆ ಶುರುವಾಯಿತು. ಪರದೆಯ ಮೇಲೆ ಫೈಟರ್ ವಿಮಾನಗಳು ಹಾರಿದವು, ಕೆಳಗೆ ಕೀರ್ತನೆಯ ಸಾಲು ಮೂಡಿತು. ಪಾಸ್ಟರ್ ಒಬ್ಬೊಬ್ಬರ ಹೆಸರು ಕರೆದ ಹಾಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಮರ್ಥ್‌ನ ಸರದಿ ಬಂದಾಗ ಕನ್ನಡದವರ ಎರಡು ಬೆಂಚು ಎಲ್ಲರಿಗಿಂತ ಜೋರು. ಯೂನಿಫಾರ್ಮಿನಲ್ಲಿ ಅವನ ಕತ್ತು ಎಷ್ಟು ಸಣ್ಣಗೆ ಕಾಣುತ್ತಿತ್ತು. ದೇವದಾನರೂ ಎದ್ದರು. ಅಂಗೈಗಳು ತಾವಾಗಿಯೇ ಎರಡು ಸಲ ಕೂಡಿ, ಆಮೇಲೆ ಏನು ಮಾಡುವುದೆಂದು ತಿಳಿಯದೆ ನಿಂತವು.

ತಟ್ಟೆ ಹಿಡಿದು ಅವರು ಬೆಂಚಿನಿಂದ ಬೆಂಚಿಗೆ ನಡೆದರು. ಕೊನೆಗೆ ಮುಂದಿನ ಸಾಲು. ಸಮರ್ಥ್ ರೊಟ್ಟಿಯ ತುಣುಕು ತೆಗೆದುಕೊಂಡವನು ಬಾಯಿಗಿಡಲಿಲ್ಲ. ಅಪ್ಪನ ಮುಖ ನೋಡಿದ. ಅಮ್ಮ ಹೇಳಿದ್ದಳೋ, ಚಪ್ಪಾಳೆ ನಿಂತದ್ದನ್ನು ಅವನೇ ನೋಡಿದ್ದನೋ.

"ಆರ್ ಯು ಮ್ಯಾಡ್ ಅಟ್ ಮಿ, ಅಪ್ಪಾ?" ಎಂದ, ತುಟಿ ಅಲುಗದ ಹಾಗೆ.

"ಇಲ್ಲಪಾ. ನಿನ್ನ ಮ್ಯಾಲೆ ಅಲ್ಲ."

"ದೆನ್ ಯು ಫಸ್ಟ್."

ಪಕ್ಕದಲ್ಲಿ ಸುವಾರ್ತಾ ಕಣ್ಣು ಮುಚ್ಚಿ ಕುಳಿತಿದ್ದಳು, ರೆಪ್ಪೆಗಳು ಮಾತ್ರ ಅದುರುತ್ತಿದ್ದವು. ಹಿಂದಿನ ಬೆಂಚಿನವರು ದ್ರಾಕ್ಷಾರಸಕ್ಕೆ ಕಾಯುತ್ತಿದ್ದರು. ನಿನ್ನ ಮೇಲಲ್ಲ, ಮೇಜಿನ ಮುಂದೆ ಇಟ್ಟಿರುವುದರ ಮೇಲೆ ಎಂದು ಹೇಳಲು ಅದು ಹೊತ್ತೂ ಅಲ್ಲ, ಅಷ್ಟು ಇಂಗ್ಲಿಷು ಅವರಿಗೂ, ಅಷ್ಟು ಕನ್ನಡ ಅವನಿಗೂ ಇರಲಿಲ್ಲ. ದೇವದಾನ ಒಂದು ತುಣುಕು ತೆಗೆದು ಬಾಯಿಗಿಟ್ಟುಕೊಂಡರು. ಮಗ ನಿರಾಳವಾಗಿ ಉಸಿರು ಬಿಟ್ಟು ತಾನೂ ತಿಂದ. ದೇವದಾನರ ತುಣುಕು ನಾಲಿಗೆಯ ಮೇಲೆ ಒಣಗಿಯೇ ಕುಳಿತಿತ್ತು. ದ್ರಾಕ್ಷಾರಸ ಬರುವವರೆಗೂ ಇಳಿಯಲಿಲ್ಲ.

ಜನವೆಲ್ಲ ಹಾಟ್‌ಡಾಗ್ ತಿನ್ನಲು ಬೇಸ್‌ಮೆಂಟಿಗೆ ಇಳಿದ ಮೇಲೆ ಅವರು ಮೇಜು ಬಿಡಿಸಿದರು. ತುಣುಕುಗಳನ್ನು ಆರಿಸಿ ಬಟ್ಟಲಿಗೆ ಹಾಕಿದರು. ಬಟ್ಟೆ ಎತ್ತಿದಾಗ ಕ್ರೋಶಾ ಅಂಚಿನ ಮೇಲೆ ಬೂಟುಪಾಲಿಶಿನ ಕಪ್ಪು, ಅಂಗೈ ಅಗಲ, ಎರಡು ಕಡೆ. ಹೆಬ್ಬೆರಳಿನಿಂದ ಉಜ್ಜಿದರು. ಇನ್ನಷ್ಟು ಹರಡಿತು.

ಬಾಗಿಲಿನಿಂದ ಸುವಾರ್ತಾ ಕರೆದಳು. "ಅಲ್ಲೇ ಇರ್ರಿ, ವಾಲ್ಟರ್ ಬರಾಕತ್ತಾನ. ಬೂಟಿನ ಮುಂದ ನಾವು ಮೂರೂ ಮಂದಿ ನಿಂತು ಒಂದು ಫೋಟೋ ಅಂತ."

"ಹೂಂ, ಆಗಲಿ."

ಅವಳ ಹಿಂದೆ ಸಮರ್ಥ್ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬರುತ್ತಿದ್ದ. ದೇವದಾನ ಕಪ್ಪು ಒಳಗೆ ಹೋಗುವ ಹಾಗೆ ಬಟ್ಟೆಯನ್ನು ಮಡಚಿದರು. ಹಿಂಬದಿಗೂ ಇಣುಕುತ್ತಿತ್ತು. ಬಿಚ್ಚಿ, ಇನ್ನೊಂದು ಮಡಿಕೆ ಮಾಡಿ, ಕಂಕುಳಲ್ಲಿ ಒತ್ತಿ ಹಿಡಿದುಕೊಂಡು, ವಾಲ್ಟರ್ ಬಂದು ಕೈತೋರಿಸಿದ ಕಡೆ ಹೋಗಿ ನಿಂತರು.