ಫೆಲಿಸಾ ಎಳೆದ ದಾರಿ

ನಾಗ್ಸಬಾಂಗ್ ಪೇಟೆಯಲ್ಲಿ ಆಂಬ್ರೋಸಿಯೊನ ಕೈಗೆ ತಲೆ ಕೊಟ್ಟು ಕೂತವನಿಗೆ ಬೇಗ ಬಿಡುಗಡೆ ಸಿಗುತ್ತಿರಲಿಲ್ಲ. ಕತ್ತರಿಗಿಂತ ಅವನ ಬಾಯಿಯೇ ಹೆಚ್ಚು ಓಡುತ್ತಿತ್ತು. ನಿಮ್ಮ ಮನೆ ಹಿಂದಿನ ತೊರೆಗೆ ಹೆಸರೇನು, ದಾಟೋಕೆ ಕಲ್ಲು ಹಾಕಿದ್ದಾರೋ ಬಿದಿರು ಕಟ್ಟಿದ್ದಾರೋ, ಚರ್ಚಿನ ಪಕ್ಕದ ಕಾಲುದಾರಿ ಎಲ್ಲಿಗೆ ಹೋಗಿ ಮುಟ್ಟುತ್ತೆ ಎಂದು ಕೇಳುತ್ತ ಕೇಳುತ್ತ, ಒಂದು ಕಿವಿಯ ಮೇಲೆ ಕೂದಲು ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಮಾಡಿ ಕಳಿಸುತ್ತಿದ್ದ. ಆದರೂ ಜನ ಅವನ ಅಂಗಡಿಗೇ ಬರುತ್ತಿದ್ದರು. ತಮ್ಮ ಹಟ್ಟಿಯ ತೊರೆಯ ಹೆಸರನ್ನು ಇನ್ನೊಬ್ಬ ಇಷ್ಟು ಆಸೆಯಿಂದ ಕೇಳಿದರೆ ಯಾರಿಗೆ ತಾನೆ ಹಿಡಿಸುವುದಿಲ್ಲ?

ಈ ಹುಚ್ಚು ಹತ್ತಿದ್ದು ಒಂದು ದೊಡ್ಡ ಚಂಡಮಾರುತ ಬಂದು ಹೋದ ಮೇಲೆ. ಅಕ್ಕಿ ಹೊತ್ತು ಬಂದ ಲಾರಿಗಳು ಬೆಟ್ಟದ ಬುಡದಲ್ಲೇ ನಿಂತುಬಿಟ್ಟಿದ್ದವು. ಮೇಲಿನ ಹಟ್ಟಿಗಳು ಯಾವ ಭೂಪಟದಲ್ಲೂ ಇರಲಿಲ್ಲ, ಅಲ್ಲಿಯವರು ಕಾಡುಗೆಣಸು ಅಗೆದು ತಿಂದು ದಿನ ನೂಕಿದರು. ಆಮೇಲೆ ಯಾರೋ ಬಂದು ಹೇಳಿಕೊಟ್ಟರು, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದ ಭೂಪಟ ಒಂದಿದೆ, ಫೋನಿದ್ದರೆ ಸಾಕು ಎಂದು. ಅಂದಿನಿಂದ ಆಂಬ್ರೋಸಿಯೊ ಮತ್ತು ಅವನ ಹೆಂಡತಿ ಫೆಲಿಸಾ ಭಾನುವಾರದ ಪೂಜೆ ಮುಗಿಯುವುದೇ ತಡ, ಬಾಳೆಲೆಯಲ್ಲಿ ಅನ್ನ, ಒಣಮೀನು ಕಟ್ಟಿಕೊಂಡು ಸೈಕಲ್ ಹತ್ತುತ್ತಿದ್ದರು. ಫೆಲಿಸಾ ಹಂದಿಮೇವಿನ ಅಂಗಡಿಯಲ್ಲಿ ಗಲ್ಲಾ ನೋಡಿಕೊಳ್ಳುವವಳು. ಮಕ್ಕಳಿಲ್ಲದ ಗಂಡಹೆಂಡಿರು ಹೀಗೆ ಸೈಕಲ್ ತುಳಿದುಕೊಂಡು ಕಾಡು ಅಲೆಯುವುದನ್ನು ಕಂಡು ಪೇಟೆಯವರು ಮೊದಮೊದಲು ಮುಸಿಮುಸಿ ನಕ್ಕರು, ಆಮೇಲೆ ಅದೂ ಹಳತಾಯಿತು.

ಈ ಭೂಪಟದ ಮಂದಿಗೆ ಅವರದೇ ಮಡಿಮೈಲಿಗೆ ಇತ್ತು. ಸ್ವಂತ ಚಕ್ರ ಉರುಳದ ದಾರಿಗೆ ಗೆರೆ ಎಳೆಯುವಂತಿಲ್ಲ. ಹೋದ ದಾರಿಯಲ್ಲಿ ತಿರುಗಿ ಬರುವಂತಿಲ್ಲ, ಬಂದರೆ ಅರ್ಧ ದಿನ ವ್ಯರ್ಥವಾದಂತೆ. ಮನೆಯಲ್ಲಿ ಕಾಲು ಚಾಚಿ ಕೂತು ಉಪಗ್ರಹದ ಚಿತ್ರ ನೋಡಿಕೊಂಡು ಎಳೆದ ಗೆರೆಗೆ ಆಂಬ್ರೋಸಿಯೊ ಹಾಸಿಗೆದಾರಿ ಎಂದು ಹೆಸರಿಟ್ಟಿದ್ದ, ಅದನ್ನು ಎಳೆದವರ ತಲೆಯನ್ನೂ ಬೋಳಿಸಬೇಕು ಎನ್ನುತ್ತಿದ್ದ. ದಾರಿ ಅನುಮಾನ ಹುಟ್ಟಿಸಿದಾಗ ಇಬ್ಬರಲ್ಲಿ ಒಬ್ಬರು ಮುಂದೆ ಹೋಗಿ ನೋಡಬೇಕು, ನೋಡಿ ಸೈಕಲ್ ಗಂಟೆ ಬಾರಿಸಬೇಕು. ಎರಡು ಸಲ ಬಾರಿಸಿದರೆ ದಾರಿ ಇದೆ, ಬಾ. ಒಂದೇ ಸಲವಾದರೆ ದಾರಿ ಇಲ್ಲ, ಅಲ್ಲೇ ನಿಲ್ಲು. ಕಾಡಿನಲ್ಲಿ ಕೂಗಿದ್ದು ಕೇಳದಿದ್ದರೂ ಗಂಟೆ ಕೇಳುತ್ತದೆ.

ಇಷ್ಟೆಲ್ಲ ಮಡಿ ಇದ್ದೂ ಹಾಸಿಗೆದಾರಿ ಎಳೆದವಳು ಫೆಲಿಸಾ. ಬೇಸಿಗೆಯಲ್ಲಿ ಮೊಣಕಾಲು ಊದಿ ಮನೆ ಹಿಡಿದಿದ್ದಳು. ಬೆಟ್ಟದ ಆ ಕಡೆಯ ದಾಲಿಗಾನಿನಿಂದ ಬರುವ ಕಾಲುದಾರಿ ಜರೀಗಿಡದ ಪೊದೆಯಲ್ಲಿ ಮುಗಿಯುತ್ತಿತ್ತು. ಈ ಕಡೆ ನಾಗ್ಸಬಾಂಗಿನಿಂದ ಹೋಗುವ ದಾರಿ ಕಾಡುಬಾಳೆಯ ಮೆಳೆಯಲ್ಲಿ ಮುಗಿಯುತ್ತಿತ್ತು. ನಡುವೆ ಇದ್ದದ್ದು ಕೂಗಳತೆ. ಭೂಪಟದ ತಪ್ಪು ಹುಡುಕುವ ತಂತ್ರಾಂಶಕ್ಕೆ ಇಂಥದ್ದು ಕಂಡರೆ ಆಗುವುದಿಲ್ಲ. ಎರಡು ದಾರಿಗಳ ತುದಿ ಮುಟ್ಟುವಷ್ಟು ಹತ್ತಿರವಿದ್ದೂ ಮುಟ್ಟದಿದ್ದರೆ ಅಲ್ಲೊಂದು ಕೆಂಪು ಚುಕ್ಕೆ ಇಡುತ್ತದೆ, ಯಾರೋ ಬರೆಯುವಾಗ ಕೈತಪ್ಪಿರಬೇಕು ಎಂಬಂತೆ. ಆ ಕೆಂಪು ಚುಕ್ಕೆ ದಿನವೂ ಫೆಲಿಸಾಳ ಕಣ್ಣಿಗೆ ಚುಚ್ಚುತ್ತಿತ್ತು. ಉಪಗ್ರಹದ ಚಿತ್ರದಲ್ಲಿ ಅಲ್ಲಿ ಬರೀ ಮರದ ತಲೆ. ಎರಡು ಕಡೆಯೂ ಜನ ಇದ್ದಾರೆ, ನಡುವೆ ಓಡಾಡದೆ ಇರುತ್ತಾರೆಯೇ ಎಂದುಕೊಂಡು ಒಂದು ಮಧ್ಯಾಹ್ನ ಬೆರಳು ಎಳೆದೇ ಬಿಟ್ಟಳು. ಚುಕ್ಕೆ ಮಾಯವಾಯಿತು. ಇದು ನಿಮಗೆ ಹೇಗೆ ಗೊತ್ತು ಎಂದು ಫೋನು ಕೇಳುವ ಜಾಗದಲ್ಲಿ ಹಿಂದಿನ ಸಲದ ಉತ್ತರ ತಾನಾಗಿ ಬಂದು ಕೂತಿತ್ತು: ಹೋಗಿ ನೋಡಿದ್ದು. ಕಾಲು ವಾಸಿಯಾದ ಮೇಲೆ ಹೇಗೂ ಹೋಗುತ್ತೇನಲ್ಲ ಎಂದು ಅವಳು ಅದನ್ನು ತಿದ್ದಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಬಂದ ಆಂಬ್ರೋಸಿಯೊ ಅದನ್ನು ಕಂಡು ಕುಣಿದಾಡಿದ. ಹೆಂಡತಿಯನ್ನು ಅವನು ಕರೆಯುತ್ತಿದ್ದುದೇ ಬಾಕೆತ್, ಮುದುಕಿ, ಎಂದು.

"ಯಾವಾಗ್ ಹೋಗಿದ್ಯೇ ಬಾಕೆತ್? ನಂಗೊಂದ್ ಮಾತೂ ಹೇಳ್ದೆ?"

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು ಕೂಡ. ಆದರೆ ಅವನ ಮುಖದಲ್ಲಿ ಅಂಥ ಸಂತೋಷ ಕಂಡು ಬಹಳ ದಿನವಾಗಿತ್ತು. ನೀನು ತಂಗಿಯ ಮಗಳ ಮದುವೆಗೆ ಹೋಗಿದ್ದೆಯಲ್ಲ, ಆ ಭಾನುವಾರ, ಕಾಲು ಊದಿದ್ದೂ ಅದರಿಂದಲೇ ಎಂದುಬಿಟ್ಟಳು. ಮಾರನೆಯ ದಿನದಿಂದ ಅಂಗಡಿಗೆ ಬಂದ ಒಂದೊಂದು ತಲೆಗೂ ಅವನು ಅದೇ ಕಥೆ ಹೇಳಿದ: ಎರಡು ಊರನ್ನು ಜೋಡಿಸಿದವಳು ಎಂಜಿನಿಯರ್ ಅಲ್ಲ, ಮೇಯರ್ ಅಲ್ಲ, ನನ್ನ ಹೆಂಡತಿ. ಹಾದಿಯಲ್ಲಿ ಸಿಕ್ಕವರು ಅವಳ ಬೆನ್ನು ತಟ್ಟಿದರು. ಒಂದು ಸುಳ್ಳನ್ನು ಗಂಡನ ಹತ್ತಿರ ವಾಪಸು ತೆಗೆದುಕೊಳ್ಳಬಹುದು, ಊರಿನ ಹತ್ತಿರ ಹೇಗೆ ತೆಗೆದುಕೊಳ್ಳುವುದು? ಕಾಲು ವಾಸಿಯಾಯಿತು. ಆ ದಾರಿಗೆ ಹೋಗುವ ಮಾತು ಬಂದಾಗಲೆಲ್ಲ ಅವಳು ಇನ್ನೊಂದು ಹಟ್ಟಿಯ ನೆಪ ತೆಗೆದಳು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು.

ಮಳೆಗಾಲದ ಒಂದು ಭಾನುವಾರ ಮೇವಿನ ಅಂಗಡಿಯಲ್ಲಿ ಸರಕು ಇಳಿಯುವುದಿತ್ತು, ಫೆಲಿಸಾ ಹೋಗಲಾಗಲಿಲ್ಲ. ದಾಲಿಗಾನಿನಲ್ಲಿ ಹೊಸ ಬೋರ್‌ವೆಲ್ ಕೊರೆದಿದ್ದಾರೆ, ಗುರುತು ಹಾಕಿ ಬರುತ್ತೇನೆ ಎಂದು ಆಂಬ್ರೋಸಿಯೊ ಒಬ್ಬನೇ ಹೊರಟ. ಹೊಳೆಯ ಸೇತುವೆ ಬಳಸಿ ಹೋಗುವ ದೊಡ್ಡ ರಸ್ತೆ ಹಿಡಿದ. ಮಧ್ಯಾಹ್ನದ ಮೇಲೆ ಮಳೆ ಸುರಿಯಿತು. ಅವನು ಬರಲಿಲ್ಲ, ಫೋನೂ ಹತ್ತಲಿಲ್ಲ. ಮಳೆಗೆ ಯಾರದೋ ಮನೆಯಲ್ಲಿ ಉಳಿದಿರಬೇಕು ಎಂದುಕೊಂಡು ಫೆಲಿಸಾ ಬೆಳಗು ಮಾಡಿದಳು.

ಬೆಳಿಗ್ಗೆ ಅವಳು ಓಡಿ ಹೋಗಿ ಹೇಳಿದ ಮೇಲೆ ಸಿಲ್ವೇರಿಯೊ ಪಂಚಾಯಿತಿ ಕಟ್ಟೆಯಲ್ಲಿ ತನ್ನ ಮಂದಿಯನ್ನು ಸೇರಿಸಿದ್ದ. ನೆರೆ ಬಂದರೆ, ಯಾರಾದರೂ ಕಾಡಿನಲ್ಲಿ ತಪ್ಪಿಸಿಕೊಂಡರೆ ಹಗ್ಗ, ಡೋಲಿ ಹಿಡಿದು ಹೊರಡುವವನು ಅವನೇ. ದೊಡ್ಡವನಾದ್ದರಿಂದ ಎಲ್ಲರಿಗೂ ಮನೋಂಗ್, ಅಣ್ಣ. ದಾಲಿಗಾನಿಗೆ ಫೋನು ಮಾಡಿ ಅಷ್ಟರಲ್ಲಿ ವಿಚಾರಿಸಿದ್ದ. ಅಲ್ಲಿನ ಚಿಲ್ಲರೆ ಅಂಗಡಿಯ ಹೆಂಗಸು ಹೇಳಿದ್ದಳಂತೆ, ಊಟ ಮಾಡಿ ಹೊರಟ, ಇವತ್ತು ಹೆಂಡತಿಯ ದಾರಿಯಲ್ಲೇ ಮನೆಗೆ ಹೋಗುತ್ತೇನೆ ಎಂದು ನಗುತ್ತ ಹೋದ ಎಂದು.

ಸಿಲ್ವೇರಿಯೊ ಫೋನನ್ನು ಅವಳ ಮುಂದೆ ಹಿಡಿದ. ಅದರಲ್ಲಿ ಅವಳ ಗೆರೆ ಇತ್ತು, ಈ ಊರಿನಿಂದ ಆ ಊರಿಗೆ, ಎಲ್ಲೂ ತುಂಡಾಗದೆ. ದಾಲಿಗಾನಿನವರು ಹುಡುಕಲು ಹೊರಟು ನಿಂತಿದ್ದಾರೆ, ಆದರೆ ಅವರ ಗದ್ದೆಗಳಿಗೂ ನೀರು ನುಗ್ಗಿದೆ, ನಮ್ಮ ಕಡೆಯಿಂದ ದಾರಿ ಇದ್ದರೆ ನಾವೇ ಒಂದು ತುದಿಯಿಂದ ಇನ್ನೊಂದು ತುದಿವರೆಗೂ ನೋಡಿಬಿಡಬಹುದು ಎಂದು ಅವನು ವಿವರಿಸಿದ. ಆಮೇಲೆ ಕೇಳಿದ.

"ಇದು ಆಚೆವರ್ಗೂ ಹೋಗುತ್ತಲ್ವಾ ಆಡಿಂಗ್? ನೀನು ಹೋಗಿದ್ದೀಯಲ್ಲ?"

ಆಡಿಂಗ್ ಎಂದರೆ ತಂಗಿ. ಅಷ್ಟು ಮೃದುವಾಗಿ ಕೇಳಿದ್ದ. ಕಟ್ಟೆಯ ಮೇಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ನಾಚಿಕೆಗೆ ಸುಳ್ಳು ಹೇಳಿದಳು ಎಂದು ಆಮೇಲೆ ಆಡಿಕೊಂಡವರಿದ್ದಾರೆ, ಅವರಿಗೆ ಏನು ಗೊತ್ತು? ಹೋಗುವುದಿಲ್ಲ ಎಂದರೆ ಗಂಡ ಎಲ್ಲಿದ್ದಾನೆ ಎಂಬುದಕ್ಕೆ ಒಂದೇ ಉತ್ತರ ಉಳಿಯುತ್ತಿತ್ತು. ಹೋಗುತ್ತದೆ ಎಂದರೆ ಅವನು ಎಲ್ಲೋ ಚಕ್ರ ಪಂಕ್ಚರ್ ಮಾಡಿಕೊಂಡು, ಮರದಡಿ ಕೂತು, ಅವಳನ್ನು ಬೈಯುತ್ತ ಇದ್ದಿರಬಹುದು. ಅವಳಿಗೆ ಆ ಮರ ಬೇಕಾಗಿತ್ತು.

"ಹೋಗುತ್ತೆ ಮನೋಂಗ್. ಹೋಗಿದ್ದೀನಿ."

ಸಿಲ್ವೇರಿಯೊ ದಾಲಿಗಾನಿಗೆ ಫೋನು ಮಾಡಿದ. ನೀವು ತೊಂದರೆ ತಗೋಬೇಡಿ, ನಿಮ್ಮ ಗದ್ದೆ ನೋಡಿಕೊಳ್ಳಿ, ನಾವೇ ಬರುತ್ತಿದ್ದೇವೆ ಎಂದ.

ಊರು ದಾಟಿ ಕಾಡು ಹತ್ತುವವರೆಗೆ ಸೈಕಲ್, ಮೋಟಾರ್‌ಸೈಕಲ್. ಅಲ್ಲಿಂದ ಮುಂದೆ ಫೋನು ಹಿಡಿಯುವುದಿಲ್ಲ. ಫೆಲಿಸಾ ಮಾತ್ರ ಸೈಕಲ್ ಬಿಡದೆ ತಳ್ಳಿಕೊಂಡು ಬಂದಳು. ಕೆಸರಿನಲ್ಲಿ ಚಕ್ರ ಹೂತರೆ ಎತ್ತಿ ಹೊತ್ತಳು. ಗಂಡಸರು ಬೇಡವೆಂದರೂ ಕೇಳಲಿಲ್ಲ. ಒಂದು ಸಲ ಸಿಲ್ವೇರಿಯೊ ಹಿಂದಿರುಗಿ ನೋಡಿ, ಇನ್ನೆಷ್ಟು ದೂರಕ್ಕೆ ಇಳಿಜಾರು ಶುರುವಾಗುತ್ತೆ ಎಂದು ಕೇಳಿದ. ಅವಳು ಬಾಯಿಗೆ ಬಂದದ್ದು ಹೇಳಿದಳು. ಆ ತಿರುವಿನವರೆಗೆ ನೋಡೋಣ, ಆಮೇಲೆ ನಿಜ ಹೇಳುತ್ತೇನೆ ಎಂದುಕೊಂಡಳು. ತಿರುವು ಬಂತು. ಮುಂದಿನ ತಿರುವಿನವರೆಗೆ ನೋಡೋಣ ಎಂದುಕೊಂಡಳು. ಹೀಗೆ ಕಾಡುಬಾಳೆಯ ಮೆಳೆ ಬಂದೇಬಿಟ್ಟಿತು.

ಮೆಳೆಯನ್ನು ಕತ್ತಿಯಿಂದ ಸವರಿಕೊಂಡು ಮುಂದೆ ಹೋದವನು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ನೆಲ ಅಲ್ಲಿಗೆ ಮುಗಿದಿತ್ತು. ಕೆಳಗೆ ಕಣಿವೆ, ಅಡಕೆಯನ್ನು ಇಬ್ಭಾಗ ಮಾಡಿದಂತೆ ನೆಟ್ಟಗೆ ಸೀಳಿದ್ದು. ತಳದಲ್ಲಿ ಕೆಂಪು ನೀರು ಭೋರ್ಗರೆಯುತ್ತಿತ್ತು. ಎದುರುದಡ ನಿಜವಾಗಿಯೂ ಕೂಗಳತೆಯಲ್ಲೇ ಇತ್ತು, ಜರೀಗಿಡದ ಪೊದೆಯೂ ಕಾಣುತ್ತಿತ್ತು. ಈ ದಡದ ಅಂಚಿನಲ್ಲಿ ಹಳೆಯ ಮರಗಳು ಬೇರನ್ನು ಕೆಳಕ್ಕೆ ಇಳಿಬಿಟ್ಟು ನಿಂತಿದ್ದವು, ಬೇರಿನ ಮೇಲೆ ಪಾಚಿ ಬೆಳೆದಿತ್ತು.

ಸಿಲ್ವೇರಿಯೊ ಆ ಬೇರುಗಳನ್ನು ಬಹಳ ಹೊತ್ತು ನೋಡಿದ.

"ಇದು ನಿನ್ನೆ ಕುಸಿದದ್ದಲ್ಲ ಆಡಿಂಗ್," ಎಂದ.

ಫೆಲಿಸಾ ತಲೆ ಎತ್ತಲಿಲ್ಲ. ನಾನು ಬಂದಿರಲೇ ಇಲ್ಲ ಎಂದಳು, ನೆಲಕ್ಕೆ ಹೇಳಿದಂತೆ. ಯಾರಾದರೂ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಗಂಟೆ ಕೇಳಿಸಿತು.

ನೀರಿನ ಸದ್ದನ್ನು ಸೀಳಿಕೊಂಡು, ಕೆಳಗಿನಿಂದ, ಒಂದು ಸಲ. ಎಲ್ಲರೂ ಅಂಚಿಗೆ ಮಲಗಿ ಕೆಳಗೆ ಬಗ್ಗಿದರು. ಎದುರುದಡದ ಗೋಡೆಯಲ್ಲಿ, ನೀರಿಗೆ ಸ್ವಲ್ಪ ಮೇಲೆ, ಒಂದು ಬಂಡೆಚಾಚಿನ ಮೇಲೆ ಹಳದಿ ಮಳೆಯಂಗಿ ಕಾಣಿಸಿತು. ಸೈಕಲ್ ಅವನ ಮೇಲೆಯೇ ಬಿದ್ದಿತ್ತು. ಒಂದು ಕೈ ಹ್ಯಾಂಡಲಿನ ಮೇಲಿತ್ತು. ಮತ್ತೆ ಗಂಟೆಯಾಯಿತು, ಮತ್ತೆ ಒಂದೇ ಸಲ.

ಗಂಡಸರಿಗೆ ಜೀವ ಬಂದಂತಾಯಿತು. ಬದುಕಿದ್ದಾನೆ, ಸಹಾಯಕ್ಕೆ ಕರೆಯುತ್ತಿದ್ದಾನೆ ಎಂದು ಒಬ್ಬ ಕೂಗು ಹಾಕಿದ. ಕರೆಯುತ್ತಿಲ್ಲ ಎಂಬುದು ಫೆಲಿಸಾ ಒಬ್ಬಳಿಗೆ ಗೊತ್ತಿತ್ತು. ತನ್ನನ್ನು ಹುಡುಕಿಕೊಂಡು ಬರುತ್ತಾಳೆ ಎಂದುಕೊಂಡ ಹೆಂಡತಿಗೆ ಅವನು ದಾರಿ ಇಲ್ಲ, ಅಲ್ಲೇ ನಿಲ್ಲು ಎನ್ನುತ್ತಿದ್ದ. ಯಾವಾಗಿನಿಂದ ಹೇಳುತ್ತಿದ್ದನೋ, ಮಳೆಯಲ್ಲಿ, ಕತ್ತಲೆಯಲ್ಲಿ.

ಹಗ್ಗ ಬಿಟ್ಟು ನೋಡಿದರು. ಈ ಕಡೆಯ ಗೋಡೆ ಒಳಕ್ಕೆ ಬಾಗಿತ್ತು, ಹಗ್ಗ ಗಾಳಿಯಲ್ಲಿ ತೂಗಿತು. ಇಳಿದರೂ ನಡುವೆ ಆ ನೀರು. ಅವನನ್ನು ಮುಟ್ಟುವುದಿದ್ದರೆ ದಾಲಿಗಾನಿನ ಕಡೆಯಿಂದಲೇ. ಬೆಳಿಗ್ಗೆ ಅಲ್ಲಿಯವರು ಹಗ್ಗ ಹಿಡಿದು ಹೊರಟು ನಿಂತಿದ್ದರು. ಸಿಲ್ವೇರಿಯೊ ಇಬ್ಬರನ್ನು ಫೋನು ಹತ್ತುವ ಕಡೆಗೆ ಓಡಿಸಿದ. ಓಡಿದವರ ಕಾಲಸಪ್ಪಳ ಕೆಸರಿನಲ್ಲಿ ಕರಗಿದ ಮೇಲೆ ಮಾಡಲು ಯಾರಿಗೂ ಏನೂ ಉಳಿಯಲಿಲ್ಲ.

ಫೆಲಿಸಾ ಸೈಕಲನ್ನು ಅಂಚಿನವರೆಗೆ ತಂದು ನಿಲ್ಲಿಸಿದಳು. ಕೆಳಗೆ ಗಂಟೆಯಾಯಿತು. ಅವಳು ತನ್ನ ಗಂಟೆಯ ಮೇಲೆ ಹೆಬ್ಬೆರಳಿಟ್ಟಳು. ಎರಡು ಸಲ ಬಾರಿಸಿದರೆ ದಾರಿ ಇದೆ, ಬರುತ್ತಿದ್ದೇನೆ ಎಂದು ಅವನು ನಂಬುತ್ತಿದ್ದ. ಅವಳು ಹೇಳಿದ್ದನ್ನು ಅವನು ಯಾವತ್ತು ತಾನೆ ನಂಬಿರಲಿಲ್ಲ? ಅವಳು ಒಂದೇ ಸಲ ಬಾರಿಸಿದಳು.

ಕೆಳಗೆ ಹಳದಿ ಅಂಗಿ ಮಿಸುಕಿತು, ಮುಖ ಮೇಲಕ್ಕೆ ತಿರುಗಿದ ಹಾಗೆ ಅವಳಿಗೆ ಅನಿಸಿತು. ಅಷ್ಟು ದೂರದಿಂದ ಕಣ್ಣು ಕಾಣುವುದಿಲ್ಲ. ಅವನು ಒಂದು ಬಾರಿಸಿದ, ಅವಳು ಒಂದು ಬಾರಿಸಿದಳು. ಮತ್ತೆ ಮಳೆ ಹಿಡಿಯಿತು. ಸಿಲ್ವೇರಿಯೊ ತನ್ನ ಟೋಪಿಯನ್ನು ತಂದು ಅವಳ ತಲೆಯ ಮೇಲಿಟ್ಟು ದೂರ ಹೋಗಿ ಕೂತ. ಗಂಟೆಯ ಒಂದು ಸದ್ದಿಗೂ ಮುಂದಿನ ಸದ್ದಿಗೂ ನಡುವಿನ ಹೊತ್ತು ಬೆಳೆಯುತ್ತ ಹೋಯಿತು. ಅವಳು ಕಾಯುತ್ತಿದ್ದಳು, ಬಂದ ಕೂಡಲೇ ಉತ್ತರ ಕೊಡುತ್ತಿದ್ದಳು. ಕೊನೆಗೆ ಅವಳ ಉತ್ತರದ ಮೇಲೆ ಏನೂ ಬರಲಿಲ್ಲ. ಅವಳು ಇನ್ನೊಮ್ಮೆ ಬಾರಿಸಿದಳು. ಹೆಬ್ಬೆರಳು ಕಿತ್ತು ರಕ್ತ ಬಂದರೂ ಬಾರಿಸುತ್ತಲೇ ಇದ್ದಳು. ಸಿಲ್ವೇರಿಯೊ ಬಂದು ಗಂಟೆಯ ಮೇಲೆ ಕೈ ಮುಚ್ಚಿದ.

"ಸಾಕು ತಾಯಿ," ಎಂದ.

ದಾಲಿಗಾನಿನವರು ಎದುರುದಡದಲ್ಲಿ ಕಾಣಿಸಿದ್ದು ಮಧ್ಯಾಹ್ನ ಕಳೆದ ಮೇಲೆ. ಒಬ್ಬ ಹಗ್ಗ ಹಿಡಿದು ಬಂಡೆಚಾಚಿಗೆ ಇಳಿದ, ಹಳದಿ ಅಂಗಿಯ ಮೇಲೆ ಬಗ್ಗಿದ, ಕಿವಿ ಇಟ್ಟು ಕೇಳಿದ. ಆಮೇಲೆ ಮೇಲಿದ್ದವರ ಕಡೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡ. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ ಎಂದು ಅವನು ಹೇಳಿದ್ದು ಊರಿಗೆ ಮುಟ್ಟಿದ್ದು ಮಾರನೆಯ ದಿನ.

ಗಂಡಸರು ಹಗ್ಗ ಸುತ್ತಿಕೊಂಡು ಎದ್ದರು. ಫೆಲಿಸಾ ಏಳಲಿಲ್ಲ. ಫೋನು ತೆಗೆದು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ, ಭೂಪಟ ಬಿಚ್ಚಿದಳು. ಸಿಗ್ನಲ್ ಇಲ್ಲದಿದ್ದರೂ ತಿದ್ದಿಡಬಹುದು, ಊರು ಮುಟ್ಟಿದ ಮೇಲೆ ಅದು ತಾನಾಗಿ ಹೋಗುತ್ತದೆ. ಇನ್ನೊಬ್ಬ ಯಾರಾದರೂ ಬರುವ ಮೊದಲು ಇದನ್ನು ತೆಗೆಯಬೇಕು ಎಂದು ಸಿಲ್ವೇರಿಯೊಗೆ ಹೇಳಿದಳು, ಅವನು ಕಾದ. ಗೆರೆಯನ್ನು ಈ ಅಂಚಿನಲ್ಲಿ ತುಂಡು ಮಾಡಿದಳು, ಆ ಅಂಚಿನಲ್ಲಿ ತುಂಡು ಮಾಡಿದಳು, ನಡುವಿನದನ್ನು ಅಳಿಸಿದಳು. ಕೆಂಪು ಚುಕ್ಕೆ ತಿರುಗಿ ಬಂತು. ಇದು ನಿಮಗೆ ಹೇಗೆ ಗೊತ್ತು ಎಂದು ಫೋನು ಕೇಳಿತು. ಹೋಗಿ ನೋಡಿದ್ದು ಎಂಬ ಉತ್ತರ ಅಲ್ಲಿ ತಾನಾಗಿ ಬಂದು ಕೂತಿತ್ತು. ಈ ಸಲ ಅದನ್ನು ತಿದ್ದಬೇಕಾಗಿರಲಿಲ್ಲ.