ಹದಿನಾರನೆಯ ಹೆಸರು

ಮೈಕು ಕಿರುಚುತ್ತಿದೆ, ಯಾರಾದರೂ ಅದರ ಕಿವಿ ಹಿಂಡಬಾರದೇ, ಎಂದುಕೊಂಡಳು ಅವಳು, ಮೊದಲ ಸಾಲಿನಲ್ಲಿ ಕಾಲು ನೀಡಲು ಜಾಗವಿಲ್ಲದೆ ಕುಳಿತವಳು — ವೇದಿಕೆಯ ಮೇಲೆ ತಮ್ಮ, ಕೋಟಿನ ಗುಂಡಿ ಹೊಟ್ಟೆಗೆ ಸಾಲದೆ ಬಿಚ್ಚಿಕೊಂಡಿದ್ದಾನೆ, ಮೂವತ್ತು ವರ್ಷ ಎಳೆಯರಿಗೆ ಫುಟ್‌ಬಾಲ್ ಕಲಿಸಿ ಇವತ್ತು ನಿವೃತ್ತ, ಭಾಷಣದವರು ಹೇಳುತ್ತಿದ್ದಾರೆ, ಹದಿನಾರರ ವಯಸ್ಸಿನಲ್ಲೇ ಇವರನ್ನು ಗುರುತಿಸಿದ ಆ ಹಳೆಯ ಕೋಚ್ ಕಣ್ಣೇ ಕಣ್ಣು, ಹೌದು, ಕಣ್ಣೇ, ಅದಕ್ಕೆ ಸೋಡಾ ಬಾಟಲಿಯ ತಳದಂಥ ಕನ್ನಡಕ, ಅದನ್ನು ಕಿವಿಗೆ ದಾರದಿಂದ ಕಟ್ಟಿಕೊಳ್ಳುತ್ತಿದ್ದರು. ಅವಳಾಗ ಸಂಘದ ಕಚೇರಿಯಲ್ಲಿ ಟೈಪಿಸ್ಟ್, ಇಪ್ಪತ್ತೆರಡು, ಕಿಟಕಿ ತೆಗೆದರೆ ಮೈದಾನ, ಈಗಿನಂತೆ ಎದೆಬಡಿತ ಅಳೆಯುವ ಯಂತ್ರಗಿಂತ್ರ ಯಾವುದೂ ಇಲ್ಲ, ಹತ್ತು ಸುತ್ತು ಓಡಿಸುವುದು, ಎಡಗಾಲಲ್ಲಿ ಒದೆಸುವುದು, ಬಿದ್ದವರಲ್ಲಿ ಯಾರು ಮೊದಲು ಏಳುತ್ತಾರೆ ನೋಡುವುದು, ಆಮೇಲೆ ಸಿಗರೇಟು ಪ್ಯಾಕಿನ ಹಿಂದೆ ಹೆಸರು ಗೀಚಿ ಅವಳ ಮೇಜಿಗೆ ಎಸೆಯುವುದು, ಕಿರಿಯರ ತಂಡದ ಆಯ್ಕೆಯೆಂದರೆ ಇಷ್ಟೇ — ತಗೋಮ್ಮ, ಹದಿನಾರು, ಮೂರು ಪ್ರತಿ ಹೊಡಿ. ಎಣಿಸಿದಳು, ಮತ್ತೆ ಎಣಿಸಿದಳು, ಸರ್, ನನ್ನ ತಮ್ಮ? ಒಳ್ಳೆ ಹುಡುಗನೇ ಕಣಮ್ಮ, ಮುಂದಿನ ವರ್ಷ ನೋಡೋಣ. ಮುಂದಿನ ವರ್ಷ ಅವನಿಗೆ ವಯಸ್ಸು ಮೀರುತ್ತೆ ಸರ್ ಎನ್ನಬೇಕಿತ್ತು, ಅವರು ಆಗಲೇ ಬಾಗಿಲು ದಾಟಿದ್ದರು.

ಹದಿನೈದು ಹೆಸರು ಟಕಟಕ ಬಂದವು, ಹದಿನಾರನೆಯದಕ್ಕೆ ಕೈ ತಡೆಯಿತು, ಮಿಡತೆ — ಎಲ್ಲರೂ ಕರೆಯುತ್ತಿದ್ದದ್ದು ಹಾಗೇ, ಚೆಂಡಿಗೆ ತಲೆ ಕೊಡಲು ಅಷ್ಟೆತ್ತರ ನೆಗೆಯುವವನು, ಬೇಕರಿಯಲ್ಲಿ ಹಿಟ್ಟು ನಾದಿ ಅಲ್ಲೇ ಅಟ್ಟದ ಮೇಲೆ ಮಲಗುವವನು, ಹಿಂದೆಮುಂದೆ ಯಾರೂ ಇಲ್ಲದವನು, ಯಾಕೆ ಬಿಟ್ರಿ ಎಂದು ಕೇಳಲು ಅವನ ಪರವಾಗಿ ಒಂದು ನರಪಿಳ್ಳೆಯೂ ಬರುವುದಿಲ್ಲ, ಅದಕ್ಕೇ, ಅದೊಂದಕ್ಕೇ, ಆಟದಲ್ಲಿ ಕುಂದಿರಲಿಲ್ಲ, ತಮ್ಮನಿಗಿಂತ ಒಂದು ಕೈ ಮೇಲೇ — ತಮ್ಮನ ಹೆಸರು ಬಿತ್ತು, ಮೂರು ಪ್ರತಿಯಲ್ಲೂ ಒಟ್ಟಿಗೆ, ಕಾರ್ಬನ್ನಿಗೆ ದಯೆದಾಕ್ಷಿಣ್ಯವಿಲ್ಲ. ಕೋಚ್ ಓದದೆ ಸಹಿ ಹಾಕಿದರು, ಅವಳ ಮೇಲೆ ಅಷ್ಟು ನಂಬಿಕೆ, ಒಂದು ಪ್ರತಿ ಅಂಚೆಗೆ ಹೋಯಿತು, ಒಂದು ಬೋರ್ಡಿಗೆ, ಸಂಜೆ ಬೋರ್ಡಿನ ಮುಂದೆ ಅವರು ಬಹಳ ಹೊತ್ತು ನಿಂತರು, ಕನ್ನಡಕ ಒರೆಸಿದರು, ಒಂದಕ್ಷರ ತಪ್ಪಿಲ್ಲವಲ್ಲಮ್ಮ ಎಂದರು, ಅಷ್ಟೇ, ತಿಳಿಯಲೇ ಇಲ್ಲವೋ, ತಿಳಿದೂ ನುಂಗಿಕೊಂಡರೋ, ಈಗ ಕೇಳೋಣವೆಂದರೆ ಅವರು ಮಣ್ಣು ಸೇರಿ ಎಷ್ಟೋ ವರ್ಷ. ತಮ್ಮ ಆಡಿದ, ಸಾಧಾರಣವಾಗಿ ಆಡಿದ, ಆದರೆ ಕಲಿಸುವುದರಲ್ಲಿ ಎತ್ತಿದ ಕೈ, ಎಷ್ಟು ಮಕ್ಕಳು ಅವನ ಕೈಯಲ್ಲಿ ಮೇಲೆ ಬಂದರು, ಕೆಟ್ಟದ್ದರ ಹೊಟ್ಟೆಯಲ್ಲೇ ಒಳ್ಳೆಯದು ಹುಟ್ಟಿತು ಎನ್ನಬಹುದಲ್ಲ, ಹೇಳಿಕೊಂಡು ನೋಡಿದ್ದಾಳೆ, ಗಂಟಲಲ್ಲಿ ಇಳಿಯುವುದಿಲ್ಲ, ಮಿಡತೆ ಆಮೇಲೆ ಮೈದಾನಕ್ಕೆ ಕಾಲಿಡಲಿಲ್ಲ, ಊರಲ್ಲೂ ಕಾಣಲಿಲ್ಲ.

ಅಕ್ಕಾ, ಬಾ ಇಲ್ಲಿ, ತಮ್ಮ ಮೈಕಿನಲ್ಲೇ ಕರೆಯುತ್ತಿದ್ದಾನೆ, ನನ್ನ ಬೂಟು ಉಜ್ಜಿ ಕಳಿಸ್ತಿದ್ದವಳು ಇವಳೇ, ಎರಡು ಮಾತಾಡಲಿ — ನಾಲ್ಕು ಮೆಟ್ಟಿಲು, ಮಂಡಿ ಒಲ್ಲೆ ಅನ್ನುತ್ತಿದೆ, ಅವನ ಕೈ ಬೆಚ್ಚಗಿದೆ, ಬೇಡ ಎಂದುಕೊಂಡದ್ದೇ ಬಾಯಿಗೆ ಬಂತು, ಇವನನ್ನ ಆರಿಸಿದ್ದು ಕೋಚ್ ಅಲ್ಲ, ನಾನು, ಪಟ್ಟಿ ಟೈಪ್ ಮಾಡಿದ್ದು ನಾನೇ. ಸಭೆ ಗೊಳ್ಳೆಂದಿತು, ಚಪ್ಪಾಳೆ, ತಮ್ಮನದೇ ಎಲ್ಲರಿಗಿಂತ ಜೋರು, ನೋಡಿ, ನಮ್ಮಕ್ಕ ಇನ್ನೂ ಹೆಂಗೆ ತಮಾಷೆ ಮಾಡ್ತಾಳೆ. ತಮಾಷೆಯಲ್ಲ ಕಣೋ, ಎನ್ನಬೇಕು, ಇನ್ನೊಂದೇ ಮಾತು, ಆದರೆ ಮಾತು ಇಲ್ಲಿಗೆ ಬಂದಾಗಲೆಲ್ಲ ಹೀಗೇ, ಎಷ್ಟು ವರ್ಷದಿಂದ ಹೀಗೇ, ಆ ಬೋರ್ಡು, ಆ ಹಾಳೆ, ಬೆವರು ಒರೆಸಿಕೊಳ್ಳದೆ ಓಡಿ ಬಂದವನು ಮೊದಲ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಾ ಇಳಿಯುತ್ತಾನೆ, ಉಗುರಿನ ಸಂದಿಯಲ್ಲಿ ಹಿಟ್ಟು, ಕೊನೆ ಮುಟ್ಟುತ್ತಾನೆ, ಮತ್ತೆ ಮೇಲಿನಿಂದ, ಮತ್ತೆ ಕೊನೆ, ಕಿಟಕಿಯತ್ತ ತಿರುಗುತ್ತಾನೆ, ಅಕ್ಕಾ, ಇನ್ನೊಂದು ಹಾಳೆ ಇದ್ಯಾ — ಬೆರಳು ಮಾತ್ರ ತೆಗೆದಿಲ್ಲ, ಅಲ್ಲೇ ಇದೆ, ತಮ್ಮನ ಹೆಸರಿನ ಕೆಳಗೆ, ಬರೀ ಬಿಳಿಯ ಮೇಲೆ, ಬೆರಳು